ಮರಳು ಕೊಡುವವಳು

ಫೆಬ್ರವರಿ 2, ಭಾನುವಾರ

ಗ್ವೆಂಡಾ ಬೆಳಿಗ್ಗೆ ಬಂದು ಒಂದು ದಪ್ಪ ನೋಟ್‌ಬುಕ್ ಕೊಟ್ಟು ಹೋದಳು. ಅವಳು ನಮ್ಮ ವೈಟೋಕ ಕಡಲತೀರದ ಕುದುರೆ ರೇಸ್ ಸಮಿತಿಯ ಕಾರ್ಯದರ್ಶಿ. ಈ ವರ್ಷದಿಂದ ನಾನು ರೇಸಿಗೆ ಮುಂಚಿನ ಆರು ವಾರ ದಿನಾ ಮರಳು ನೋಡಿ, ನೋಡಿದ್ದನ್ನು ಬರೆದಿಡಬೇಕಂತೆ.

"ಹೋದ ವರ್ಷ ಹಂಗಾಯ್ತಲ್ಲ ಪೆಕಾ, ಅದಕ್ಕೆ ಎಲ್ಲಾ ಕಾಗದದ ಮೇಲೆ ಇರ್ಲಿ ಅಂತ ನಮ್ಮ ಅಧ್ಯಕ್ಷ ಮರ್ವಿನ್ ಹೇಳಿದ್ರು. ನಿನ್ ಮೇಲೆ ನಂಬಿಕೆ ಇಲ್ಲ ಅಂತಲ್ಲ ಮತ್ತೆ" ಅಂದಳು.

ನಂಬಿಕೆ ಇಲ್ಲ ಅಂತಲೇ ಇದು. ಅಷ್ಟು ಗೊತ್ತಾಗದಷ್ಟು ದಡ್ಡಿಯಲ್ಲ ನಾನು. ಮೂವತ್ತು ವರ್ಷ ಉಣ್ಣೆ ಕತ್ತರಿಸುವವರ ತಂಡಕ್ಕೆ ಅಡುಗೆ ಮಾಡಿ ಹಾಕಿದವಳು. ಯಾರು ಏನು ನುಂಗಿಕೊಂಡು ಮಾತಾಡುತ್ತಾರೆ ಎಂಬುದು ಮುಖ ನೋಡಿದರೆ ತಿಳಿಯುತ್ತದೆ. ಸಮಿತಿಗೆ ಬೇಕಾದ್ದನ್ನು ಹಾಳೆಯಲ್ಲಿ ಗೀಚಿ ಕೊಡುತ್ತೇನೆ. ಈ ಪುಸ್ತಕ ನನಗೇ ಇರಲಿ.

ಮಾರ್ಚ್ 15ಕ್ಕೆ ರೇಸು. ಸಮುದ್ರ ಹಿಂದೆ ಸರಿದಾಗ ಮೈದಾನ ಇರುತ್ತದೆ, ಮುಂದೆ ಬಂದರೆ ಇಲ್ಲ. ಆದ್ದರಿಂದ ಪ್ರತಿ ಓಟಕ್ಕೆ ಮೊದಲು ಒಬ್ಬರು ಬರಿಗಾಲಿನಲ್ಲಿ ನಡೆದು, ಹಿಮ್ಮಡಿ ಊರಿ ನೋಡಬೇಕು. ಊರಿದ ಗುಳಿಯಲ್ಲಿ ನೀರು ಜಿನುಗಿದರೆ ಓಟ ಇಲ್ಲ; ಜಿನುಗದಿದ್ದರೆ ಹಸಿರು ಬಾವುಟ ಎತ್ತುವುದು. ಇದಕ್ಕೆ ನಮ್ಮಲ್ಲಿ ಮರಳು ಕೊಡುವುದು ಅನ್ನುತ್ತಾರೆ. ನನ್ನ ಗಂಡ ರಾವಿರಿ ಇಪ್ಪತ್ತೆರಡು ವರ್ಷ ಕೊಟ್ಟ. ಅವನು ಹೋದ ಮೇಲೆ ಎಂಟು ವರ್ಷದಿಂದ ನಾನು.

ಹೋದ ವರ್ಷ ಕೊನೆಯ ಓಟದಲ್ಲಿ, ಹಳ್ಳ ಸಮುದ್ರ ಸೇರುವಲ್ಲಿ, ಕುರಿ ಕಾಯುವ ಲಾಕಿಯ ಹೆಣ್ಣುಕುದುರೆ ಬಿಸ್ಕೆಟ್ ಮುಂಗಾಲು ಹೂತು ಮಗುಚಿತು. ಅದರ ಎರಡೂ ಕಾಲು ಮುರಿದವು, ಲಾಕಿಯ ಸೊಂಟ ಮುರಿಯಿತು. ಕುದುರೆಯನ್ನು ಅಲ್ಲೇ ಗುಂಡು ಹಾಕಿ ಮುಗಿಸಬೇಕಾಯಿತು. ಅವನು ಓಟದ ಗಡಿಗೆ ನೆಟ್ಟ ಕಂಬಗಳಾಚೆ, ಸಮುದ್ರದ ಕಡೆಗೆ ಹೋಗಿದ್ದ ಎಂದು ಸಮಿತಿ ತೀರ್ಮಾನಿಸಿತು. ನನ್ನನ್ನು ಕೇಳಿದರು, ನಾನೂ ಹಾಗೇ ಹೇಳಿದೆ. ಅಂಗಡಿಯ ಗೋಡೆಯ ಮೇಲಿರುವ ಸವಾರರ ಬೋರ್ಡಿನಿಂದ ಅವನ ಹೆಸರನ್ನು ಕೆರೆದು ತೆಗೆದರು. ತನ್ನ ತಪ್ಪಿಗೆ ತಾನೇ ಅನುಭವಿಸಿದ, ಇನ್ನೇನು.

ಆವತ್ತಿನಿಂದ ನಾನು ಕಡಲತೀರಕ್ಕೆ ಇಳಿದಿಲ್ಲ. ಮೊಣಕಾಲು ನೋವು.

ಫೆಬ್ರವರಿ 6, ಗುರುವಾರ

ರಜೆ. ಅಂಗಡಿಯಲ್ಲಿ ಜನವೋ ಜನ. ಹಾಲು ತರಲು ಹೋಗಿದ್ದೆ, ಎದುರಿಗೇ ಲಾಕಿ. ಎರಡು ಊರುಗೋಲು. ನಲವತ್ತೆಂಟು ವಯಸ್ಸಿಗೆ ನನಗಿಂತ ಮುದುಕನಾಗಿ ಕಾಣುತ್ತಾನೆ. ಬಾಗಿಲಿನ ಹತ್ತಿರ ಬಿಯರ್ ಹಿಡಿದು ನಿಂತಿದ್ದ ಹೈಕಳಲ್ಲಿ ಒಬ್ಬ, "ಲಾಕಿ, ಬಾಗಿಲ ಮಧ್ಯದಲ್ಲೇ ಹೋಗಪ್ಪೋ, ಕಂಬ ದಾಟ್ಬಿಟ್ಟೀಯ!" ಅಂದ. ಎಲ್ಲರೂ ನಕ್ಕರು. ಲಾಕಿಯೂ ಸ್ವಲ್ಪ ನಕ್ಕ. ನಗುವವರ ಜೊತೆ ನಗದಿದ್ದರೆ ಇಲ್ಲಿ ಬದುಕುವುದು ಕಷ್ಟ.

ನನ್ನನ್ನು ನೋಡಿ ಟೋಪಿ ತೆಗೆದ. "ಮರಳು ಹೆಂಗಿದೆ ಆಂಟಿ ಈ ವರ್ಷ?"

ನಾನು ಗ್ವೆಂಡಾ ಕರೆದಳು ಎಂಬಂತೆ ಆ ಕಡೆ ತಿರುಗಿದೆ. ಗ್ವೆಂಡಾ ಅಂಗಡಿಯಲ್ಲಿ ಇರಲೇ ಇಲ್ಲ.

ಹಾಲು ಮರೆತು ಬಂದೆ.

ಫೆಬ್ರವರಿ 13, ಗುರುವಾರ

ಇನ್ನು ತಪ್ಪಿಸಿಕೊಳ್ಳುವಂತಿರಲಿಲ್ಲ, ಇವತ್ತು ಇಳಿದೆ.

ಫ್ರಿಜ್ಜಿಗೆ ಅಂಟಿಸಿದ ಸಮುದ್ರದ ಉಬ್ಬರ-ಇಳಿತದ ಪಟ್ಟಿಯ ಪ್ರಕಾರ ಇವತ್ತು ಇಳಿತ ಒಂದು ಗಂಟೆ ಐದು ನಿಮಿಷಕ್ಕೆ. ಬೇಸಿಗೆಯಲ್ಲಿ ಸರಕಾರ ಊರಿನ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತದೆ. ಪಟ್ಟಿ ಮಾಡುವವರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ನಾವೇ ಒಂದು ಗಂಟೆ ಕೂಡಿಸಿಕೊಳ್ಳಬೇಕು. ರಾವಿರಿ ಪ್ರತಿ ವರ್ಷ ಪಟ್ಟಿಯ ತಲೆಯ ಮೇಲೆ ಪೆನ್ಸಿಲಿನಲ್ಲಿ "ಒಂದು ಕೂಡಿಸು" ಎಂದು ಬರೆಯುತ್ತಿದ್ದ. ನಾನೂ ಬರೆಯುತ್ತೇನೆ. ಹಾಗಾಗಿ ಇಳಿತ ಎರಡೂ ಐದಕ್ಕೆ. ಅರ್ಧ ಗಂಟೆ ಮೊದಲೇ ಇರೋಣ ಎಂದು ಒಂದೂವರೆಗೆ ಹೋದೆ.

ನೀರು ಆಗಲೇ ಮೇಲೆ ಬರುತ್ತಿತ್ತು!

ದಕ್ಷಿಣದ ಗಾಳಿ ಇತ್ತು, ಅದೇ ತಳ್ಳಿರಬೇಕು. ಹೋದ ವರ್ಷ ರೇಸಿನ ದಿನವೂ ಹೀಗೇ ಗಾಳಿ. ಮರಳು ಗಟ್ಟಿಯಿದೆ, ಪಿಪಿ ಕಪ್ಪೆಚಿಪ್ಪು ಬೇಕಾದಷ್ಟು ಬಿದ್ದಿದೆ. ಹಳ್ಳದ ತನಕ ಹೋಗಲಿಲ್ಲ. ಬಿಸ್ಕೆಟ್ ಬಿದ್ದ ಜಾಗಕ್ಕೆ ನೂರು ಹೆಜ್ಜೆ ಇರುವಾಗಲೇ ತಿರುಗಿದೆ. ಮೊಣಕಾಲಿನ ದೆಸೆಯಿಂದ.

ಫೆಬ್ರವರಿ 14, ಶುಕ್ರವಾರ

ಗಾಳಿ ಒಂದು ಎಲೆ ಅಲ್ಲಾಡುವಷ್ಟೂ ಇಲ್ಲ. ಪಟ್ಟಿಯಲ್ಲಿ ಒಂದೂ ಐವತ್ತು, ನನ್ನ ಲೆಕ್ಕದಲ್ಲಿ ಎರಡೂ ಐವತ್ತು. ಹನ್ನೆರಡೂವರೆಗೇ ಫ್ಲಾಸ್ಕಿನಲ್ಲಿ ಚಹಾ ತೆಗೆದುಕೊಂಡು ಹೋಗಿ ದಿಬ್ಬದ ಕೆಳಗೆ ಕೂತೆ. ನೀರಿನ ಅಂಚಿಗೆ ಒಂದು ಕೋಲು ನೆಟ್ಟೆ. ನೀರು ಹಿಂದೆ ಹೋದಂತೆಲ್ಲ ಎದ್ದು ಹೋಗಿ ಇನ್ನೊಂದು ನೆಟ್ಟೆ. ಹೀಗೆ ಐದು ಕೋಲು.

ಐದನೆಯ ಕೋಲಿನ ಬುಡಕ್ಕೆ ನೀರು ವಾಪಸು ಬಂದಾಗ ಗಡಿಯಾರ ನೋಡಿದೆ. ಎರಡಕ್ಕೆ ಇನ್ನೂ ಐದು ನಿಮಿಷ ಇತ್ತು.

ಚಂದ್ರನಿಗೆ ಏನಾದರೂ ಆಗಿದೆಯೇ ಎಂದು ಗ್ವೆಂಡಾಳನ್ನು ಫೋನಿನಲ್ಲಿ ಕೇಳಿದೆ. "ಚಂದ್ರಂಗೆ ಏನಾಗುತ್ತೆ? ನಿಂಗೆ ಬಿಸಿಲು ಹತ್ತಿರ್ಬೇಕು, ಟೋಪಿ ಹಾಕ್ಕೊಂಡು ಹೋಗು" ಅಂದಳು.

ಫೆಬ್ರವರಿ 15, ಶನಿವಾರ

ಕನ್ನಡಕ ಹಾಕಿಕೊಂಡು ಪಟ್ಟಿಯ ಅಡಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳನ್ನು ಓದಿದೆ. "ಬೇಸಿಗೆಯ ಹೆಚ್ಚುವರಿ ಗಂಟೆಯನ್ನು ಇದರಲ್ಲಿ ಸೇರಿಸಲಾಗಿದೆ."

ಡ್ರಾಯರಿನಿಂದ ಹೋದ ವರ್ಷದ್ದನ್ನು ತೆಗೆದೆ. ಅದೂ ಅದೇ ಮೀನುಬಲೆ ಅಂಗಡಿಯವರದ್ದು. ಅದಕ್ಕೆ ಮೊದಲಿನ ವರ್ಷಗಳದ್ದು ಬೇರೆ ಅಂಗಡಿಯದು, ಅದರಲ್ಲಿ ಈ ಸಾಲು ಇಲ್ಲ. ಹೋದ ವರ್ಷದ್ದರಲ್ಲಿ ಇದೆ. ತಲೆಯ ಮೇಲೆ ನನ್ನ ಕೈಬರಹದಲ್ಲಿ "ಒಂದು ಕೂಡಿಸು" ಅಂತಲೂ ಇದೆ.

ಒಂದೇ ಗಂಟೆಯನ್ನು ಎರಡು ಸಲ ಕೂಡಿದ ಹಾಗಾಯಿತು.

ಫೆಬ್ರವರಿ 19, ಬುಧವಾರ

ನಾಲ್ಕು ದಿನ ಬರೆಯಲಿಲ್ಲ. ಸಮಿತಿಯ ಹಾಳೆಗೆ "ಮರಳು ಗಟ್ಟಿ" ಎಂದು ನಾಲ್ಕು ದಿನಕ್ಕೂ ಒಟ್ಟಿಗೆ ಬರೆದೆ.

ಸರಿ, ತಣ್ಣಗೆ ಕೂತು ಯೋಚಿಸೋಣ. ಇಳಿತದ ಹಿಂದೆ ಎರಡು ಗಂಟೆ, ಮುಂದೆ ಎರಡು ಗಂಟೆ ಓಡಿಸಬಹುದು. ಹೋದ ವರ್ಷ ಇಳಿತ ಎರಡಕ್ಕೆ ಎಂದು ಸಮಿತಿಗೆ ಹೇಳಿದ್ದೆ. ಕೊನೆಯ ಓಟ ನಾಲ್ಕಕ್ಕೆ ಇಟ್ಟರು. ನಿಜವಾಗಿ ಇಳಿತ ಒಂದಕ್ಕೆ. ಅಂದರೆ ಕೊನೆಯ ಓಟ ಒಂದು ಗಂಟೆ ತಡವಾಯಿತು. ಒಪ್ಪಿದೆ. ಆದರೆ ಒಂದು ಗಂಟೆಯಲ್ಲಿ ಏನು ಮಹಾ? ಮಿಕ್ಕ ಆರು ಕುದುರೆ ಓಡಲಿಲ್ಲವೇ? ಅವನು ಕಂಬದಾಚೆ ಹೋಗಿದ್ದಂತೂ ಹೌದು. ಆ ಮೂಲೆಯಲ್ಲಿ ನಾನೇ ನೋಡಿದ್ದೇನೆ, ದಿಬ್ಬದ ಮೇಲಿನಿಂದ, ಚಹಾದ ಟೆಂಟಿನ ಬಾಗಿಲಲ್ಲಿ ನಿಂತು, ಹೆಗಲ ಮೇಲೆ ಪಾತ್ರೆ ಒರೆಸುವ ಬಟ್ಟೆ ಹಾಕಿಕೊಂಡು...

ಬಾವುಟವನ್ನೂ ಅಲ್ಲಿಂದಲೇ ಎತ್ತಿದೆ. ಕೊನೆಯ ಓಟಕ್ಕೆ ನಾನು ಕೆಳಗೆ ಇಳಿಯಲಿಲ್ಲ. ಕಾಗದದಲ್ಲಿ ಸಮಯ ಇದೆಯಲ್ಲ ಎಂದುಕೊಂಡೆ. ಟೆಂಟಿನಲ್ಲಿ ಕೇಕಿಗೆ ಸಾಲು ನಿಂತಿತ್ತು. ಅಷ್ಟು ದೂರದಿಂದ ಕಂಬದ ಒಳಗೋ ಹೊರಗೋ ಕಾಣುವುದೂ ಇಲ್ಲ.

ಇದನ್ನು ಬರೆಯಬೇಕೆಂದಿರಲಿಲ್ಲ. ಹಾಳೆ ಹರಿಯೋಣ ಎಂದರೆ ಹಿಂದಿನ ಪುಟವೂ ಕಿತ್ತು ಬರುತ್ತದೆ.

ಫೆಬ್ರವರಿ 23, ಭಾನುವಾರ

ಹಂದಿ ಎಲುಬು ಜಾಸ್ತಿ ಬೇಯಿಸಿಬಿಟ್ಟಿದ್ದೆ, ಹಳ್ಳದ ಸೊಪ್ಪು ಹಾಕಿ. ಒಬ್ಬಳಿಗೆ ಒಂದು ಹಂಡೆ ಯಾಕೆ ಬೇಯಿಸಿದೆನೋ. ಕರಿದ ರೊಟ್ಟಿಯನ್ನೂ ಕಟ್ಟಿಕೊಂಡು ಲಾಕಿಯ ಮನೆಗೆ ಹೋದೆ. ಅದು ಮರ್ವಿನ್‌ನ ಕುರಿ ಫಾರ್ಮಿನ ಮನೆ. ಲಾಕಿ ಇಪ್ಪತ್ತು ವರ್ಷ ಅಲ್ಲೇ ಕುರಿ ಕಾದವನು. ಇನ್ನು ಕುದುರೆ ಹತ್ತುವುದಕ್ಕಾಗದ ಮೇಲೆ ಕೆಲಸವೂ ಇಲ್ಲ. ಈಸ್ಟರ್ ಹೊತ್ತಿಗೆ ಮನೆ ಬಿಡಬೇಕು.

ನಾಯಿಗಳಿಲ್ಲದ ಆ ಅಂಗಳ ನೋಡಲಾಗದು. ನಾಲ್ಕನ್ನೂ ಹೊಸ ಕೆಲಸದವನಿಗೆ ಕೊಟ್ಟಿದ್ದಾನೆ.

"ಬನ್ನಿ ಆಂಟಿ. ಯಾರಾದ್ರೂ ಸತ್ತೋದ್ರಾ?" ಅಂದ.

"ಯಾಕೋ, ಸತ್ರೇನೇ ಬರ್ಬೇಕಾ ನಾನು?"

"ಹನ್ನೊಂದು ತಿಂಗಳಲ್ಲಿ ಮೊದಲ್ನೇ ಸಲ ಬಂದ್ರಿ, ಅದಕ್ಕೆ ಕೇಳ್ದೆ."

ಐದು ರೊಟ್ಟಿ ತಿಂದ. ಸದ್ದು ಮಾಡಿಕೊಂಡು ಎಲುಬು ಚೀಪಿದ. ಬಾಗಿಲ ಹಿಂದಿನ ಮೊಳೆಯಲ್ಲಿ ಬಿಸ್ಕೆಟ್‌ನ ಕಡಿವಾಣ ನೇತಾಡುತ್ತಿತ್ತು. ನಾನು ನೋಡಿದ್ದನ್ನು ಅವನು ನೋಡಿದ.

"ಸಮಿತಿಯವ್ರು ಏನಾದ್ರೂ ಹೇಳ್ಲಿ ಆಂಟಿ. ನಾನು ಕಂಬದ ಒಳಗೇ ಇದ್ದೆ. ಎರಡು ಗೇಣು ಒಳಗೆ. ಅಳತೆ ಮಾಡ್ತೀನಿ ಅಂದ್ರೆ ಗೊರಸಿನ ಗುರುತನ್ನ ಸಮುದ್ರ ಅಷ್ಟೊತ್ತಿಗೆ ನುಂಗಿತ್ತು."

ಹೇಳಬೇಕೆಂದು ಬಾಯಿ ತೆರೆದೆ. "ಇನ್ನೊಂದು ರೊಟ್ಟಿ ಹಾಕ್ಲಾ?" ಎಂದು ಕೇಳಿದೆ.

ಮಾರ್ಚ್ 1, ಶನಿವಾರ

ಮರ್ವಿನ್‌ಗೆ ಹೇಳಿಬಿಟ್ಟೆ. ಸಮಿತಿಯ ಅಧ್ಯಕ್ಷ, ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಕುರಿಗಳಿಗೆ ಔಷಧಿ ಕುಡಿಸುತ್ತಿದ್ದ. ಎರಡೂ ಪಟ್ಟಿ ತೋರಿಸಿದೆ. ಬಾವುಟ ಎಲ್ಲಿಂದ ಎತ್ತಿದೆ ಎಂಬುದನ್ನೂ ಹೇಳಿದೆ. ಅವನು ಕೈ ಒರೆಸಿಕೊಂಡು ಪಟ್ಟಿಯನ್ನು ನೋಡಿಯೇ ನೋಡಿದ.

"ಇದನ್ನ ಇನ್ಯಾರಿಗೆ ತೋರ್ಸಿದೀಯ?"

"ಯಾರಿಗೂ ಇಲ್ಲ."

"ಹಂಗಾದ್ರೆ ಒಲೆಗೆ ಹಾಕು. ಅಲ್ಲ ಪೆಕಾ, ನಿಂಗೆ ತಲೆ ಕೆಟ್ಟಿದ್ಯಾ? ಇದು ಹೊರಗೆ ಬಿತ್ತು ಅಂದ್ರೆ ಜಿಲ್ಲಾ ಕೌನ್ಸಿಲ್‌ನವ್ರು ರೇಸೇ ನಿಲ್ಲಿಸ್ತಾರೆ. ನಮ್ಮ ಮುತ್ತಜ್ಜನ ಕಾಲದಿಂದ ನಡ್ಕೊಂಡ್ ಬಂದಿದ್ದು. ಕೊನೇ ಓಟಕ್ಕೆ ರಾವಿರಿ ಹೆಸ್ರು ಇಟ್ಟಿದೀವಿ, ಅದೂ ಹೋಗತ್ತೆ."

"ಲಾಕಿ ಹೆಸ್ರು ಹೋಯ್ತಲ್ಲ ಮಾರಾಯ."

"ಅವನಿಗೆ ಇನ್ನು ಓಡ್ಸೋಕೆ ಆಗತ್ತಾ? ಬೋರ್ಡಲ್ಲಿ ಇದ್ರೆಷ್ಟು ಬಿಟ್ರೆಷ್ಟು? ಸುಮ್ನಿರು. ಈ ವರ್ಷ ಸರಿಯಾಗಿ ಮರಳು ಕೊಡು, ಅಷ್ಟು ಸಾಕು."

ಮನೆಗೆ ಬರುವಾಗ, ಅವನು ಹೇಳಿದ್ದರಲ್ಲೂ ತಪ್ಪೇನಿದೆ ಎನ್ನಿಸಿತು. ಗೇಟು ತೆರೆಯುವಾಗ ಅನ್ನಿಸಲಿಲ್ಲ. ಚಹಾ ಕುಡಿಯುವಾಗ ಮತ್ತೆ ಅನ್ನಿಸಿತು.

ಪಟ್ಟಿಗಳನ್ನು ಒಲೆಗೆ ಹಾಕಲಿಲ್ಲ. ಈಗ ಬೇಸಿಗೆ, ಚಳಿಗೆ ಉರಿಸುವ ಕಟ್ಟಿಗೆ ಒಲೆ ಹಚ್ಚುವುದಿಲ್ಲವಲ್ಲ.

ಮಾರ್ಚ್ 4, ಮಂಗಳವಾರ

ಇಳಿತ ಸಂಜೆ ಐದರ ಹೊತ್ತಿಗೆ. ಹೋಗಿ ಬಂದೆ. ಹಳ್ಳಕ್ಕೆ ಐವತ್ತು ಹೆಜ್ಜೆ ಇರುವಾಗ ತಿರುಗಿದೆ. ಒಂದು ಕೂಡಿಸುವುದನ್ನು ಕಲಿಸಿ ಹೋದ ರಾವಿರಿಯ ಮೇಲೆ ಸಿಟ್ಟು ಬಂತು. ಸತ್ತವನ ಮೇಲೆ ಸಿಟ್ಟು ಮಾಡಿಕೊಂಡು ಏನು ಮಾಡಲಿ. ರೊಟ್ಟಿ ಸೀದು ಹೋಯಿತು.

ಮಾರ್ಚ್ 8, ಶನಿವಾರ

ರೊಟ್ಟಿ ಕಟ್ಟಿಕೊಂಡು ಹೋದೆ. ಲಾಕಿ ಹೊರಗೆ ಕೂತು ಊರುಗೋಲಿನ ತುದಿಗೆ ಹೊಸ ರಬ್ಬರು ಹಾಕುತ್ತಿದ್ದ. ಕೂರುವುದಕ್ಕೂ ಮೊದಲೇ ಹೇಳಿಬಿಟ್ಟೆ, ಕೂತರೆ ಏಳುವ ತನಕ ಹೇಳಲಾರೆ ಎಂದು ಗೊತ್ತಿತ್ತು. ಪಟ್ಟಿ, ಒಂದು ಗಂಟೆ, ಟೆಂಟಿನ ಬಾಗಿಲು, ಎಲ್ಲ.

ಅವನು ರಬ್ಬರನ್ನು ಹೆಬ್ಬೆರಳಿನಿಂದ ಒತ್ತುತ್ತಲೇ ಇದ್ದ.

"ನೀರು ಬಂದಿದ್ದು ನಂಗೆ ಕಂಡಿತ್ತು ಆಂಟಿ" ಅಂದ.

"ಏನು?"

"ಕುದುರೆ ಮೇಲೆ ಕೂತೋನಿಗೆ ಕಾಣಲ್ವಾ? ಮರಳು ಕನ್ನಡಿ ಥರ ಹೊಳೀತಿತ್ತು. ಬಿಸ್ಕೆಟ್‌ಗೂ ಗೊತ್ತಾಗಿತ್ತು. ಕಿವಿ ಹಿಂದಕ್ಕೆ ಹಾಕಿ, ಹೋಗಲ್ಲ ಅಂತ ಅಡ್ಡಡ್ಡ ತಿರುಗ್ತಿದ್ಲು. ಕುತ್ತಿಗೆ ತಟ್ಟಿ ನಾನೇ ಹೇಳ್ದೆ ಅವ್ಳಿಗೆ, 'ಪೆಕಾ ಆಂಟಿ ಬಾವುಟ ಎತ್ತಿದಾರೆ ಕಣೇ, ನಡಿ' ಅಂತ."

ನಾನು ಮೆಟ್ಟಿಲ ಮೇಲೆ ಕೂತೆ.

"ಮತ್ತೆ ಯಾಕೋ ಇಷ್ಟ್ ದಿನ ಬಾಯಿ ಬಿಡ್ಲಿಲ್ಲ?"

"ಯಾರ ಮುಂದೆ ಬಿಡ್ಲಿ? ರಾವಿರಿ ಅಣ್ಣ ಹೋದ್ಮೇಲೆ ನೀವು ಮನೆ ಬಿಟ್ಟು ಹೊರಗೆ ಬಂದಿದ್ದೇ ಆ ಮರಳಿಗೋಸ್ಕರ. ನೀವು ನಡೆದೇ ಕೊಟ್ಟಿರ್ತೀರಿ, ಹಳ್ಳ ನಿಮಗೂ ಮೋಸ ಮಾಡ್ತು ಅಂದ್ಕೊಂಡಿದ್ದೆ. ನಡೀಲೇ ಇಲ್ಲ ಅಂತ ನಂಗೆ ಗೊತ್ತಿರ್ಲಿಲ್ಲ."

"ಬೈಯೋ ನನ್ನ."

"ಬೈಯಲ್ಲ." ಊರುಗೋಲು ಹಿಡಿದು ಎದ್ದ. ಮುಖ ಕೆಂಪಾಗಿತ್ತು. "ಆದ್ರೆ ರೊಟ್ಟಿ ತಗೊಂಡ್ ಹೋಗ್ಬಿಡಿ ಆಂಟಿ. ಇವತ್ತು ನನ್ನ ಕೈಲಿ ತಿನ್ನಕ್ಕಾಗಲ್ಲ."

ಬಾಗಿಲು ಹಾಕಿಕೊಂಡ. ರೊಟ್ಟಿ ದಾರಿಯಲ್ಲಿ ಕೋಳಿಗಳಿಗೆ ಹಾಕಿದೆ. ಅತ್ತೆ ಸತ್ತಾಗಲೂ ನಾನು ಇಷ್ಟು ಅತ್ತಿರಲಿಲ್ಲ. ಅತ್ತೆ ಸತ್ತಾಗ ನಾನು ಅತ್ತಿರಲೇ ಇಲ್ಲ, ಅದು ಬೇರೆ ಮಾತು.

ಮಾರ್ಚ್ 12, ಬುಧವಾರ

ಸಮಿತಿಯ ಕೊನೆಯ ಸಭೆ, ಮರ್ವಿನ್‌ನ ಉಣ್ಣೆ ಶೆಡ್ಡಿನಲ್ಲಿ. ಒಂಬತ್ತು ಜನ. "ಬೇರೆ ಏನಾದ್ರೂ ವಿಷಯ ಇದ್ಯಾ?" ಎಂದು ಮರ್ವಿನ್ ಕೇಳಿದ, ನನ್ನ ಕಡೆ ನೋಡದೆ. ಇದೆ ಎಂದೆ. ಎದ್ದು ಹೇಳಿದೆ. ಎರಡು ಪಟ್ಟಿಗಳನ್ನೂ ಮೇಜಿನ ಮೇಲಿಟ್ಟೆ.

ಎಲ್ಲರೂ ಒಟ್ಟಿಗೆ ಮಾತಾಡಿದರು. ರಾವಿರಿ ಇದ್ದಿದ್ದರೆ ಹೀಗಾಗುತ್ತಿತ್ತೇ ಎಂದರು. ಗ್ವೆಂಡಾ ನನ್ನ ಪರವಾಗಿ ಏನೋ ಹೇಳಲು ಹೋಗಿ ನಿಲ್ಲಿಸಿದಳು. ಕೊನೆಗೆ ತೀರ್ಮಾನ: ಬಾವುಟ ನನ್ನಿಂದ ವಾಪಸು. ಶನಿವಾರ ಮರಳು ಮರ್ವಿನ್ ಕೊಡುತ್ತಾನೆ. ಲಾಕಿಯ ಹೆಸರಿನ ವಿಷಯ ರೇಸು ಮುಗಿದ ಮೇಲೆ "ಪರಿಶೀಲಿಸುವುದು". ಅಷ್ಟರ ತನಕ ಶೆಡ್ಡಿನ ಮಾತು ಶೆಡ್ಡಿನಲ್ಲೇ ಇರಬೇಕು.

ಅಂದರೆ ನಾನು ಹೇಳಿಯೂ ಹೇಳದ ಹಾಗೇ ಆಯಿತು.

ಬಾವುಟವನ್ನು ತೊಳೆದು, ಇಸ್ತ್ರಿ ಮಾಡಿ ಕೊಟ್ಟು ಕಳಿಸಿದೆ. ಅದರ ಅಂಚಿಗೆ ರಾವಿರಿ ಹಾಕಿದ ವಕ್ರ ಹೊಲಿಗೆ ಇದೆ.

ಮಾರ್ಚ್ 15, ಶನಿವಾರ

ಇವತ್ತಿನದನ್ನು ಇವತ್ತೇ ಬರೆಯಬೇಕು.

ಗುರುವಾರ ಮೇಲಿನ ಗುಡ್ಡಗಳಲ್ಲಿ ಜೋರು ಮಳೆ. ನಮಗಿಲ್ಲಿ ಒಂದು ಹನಿ ಇಲ್ಲ, ಹಳ್ಳ ಮಾತ್ರ ಕೆಂಪಾಗಿ ಇಳಿಯಿತು. ಇವತ್ತು ಆಕಾಶ ತೊಳೆದಿಟ್ಟ ಹಾಗಿತ್ತು. ಇಳಿತ ಒಂದೂವರೆಗೆ, ಕೊನೆಯ ಓಟ ಮೂರೂಕಾಲಿಗೆ. ಕಾಗದದಲ್ಲಿ ಎಲ್ಲ ಸರಿ ಇತ್ತು.

ನಾನು ಬೆಳಿಗ್ಗೆಯಿಂದ ಚಹಾದ ಟೆಂಟಿನಲ್ಲಿ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದೆ. ಈ ವರ್ಷ ಪೆಕಾ ಯಾಕೆ ಮರಳು ಕೊಡುತ್ತಿಲ್ಲ ಎಂದು ಕೇಳಿದವರಿಗೆಲ್ಲ ಗ್ವೆಂಡಾ "ಮೊಣಕಾಲು" ಎಂದು ಹೇಳುತ್ತಿದ್ದಳು. ಮರ್ವಿನ್ ಒಂದೊಂದು ಓಟಕ್ಕೂ ಹೋಗಿ ನಡೆದು ಬರುತ್ತಿದ್ದ, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು! ಕೈಗವಸು ಹಾಕಿಕೊಂಡು ಹಿಟ್ಟು ಕಲಸಿದರೆ ಹದ ಗೊತ್ತಾಗುತ್ತದೆಯೇ? ಬಾಯಿಗೆ ಬಂದದ್ದನ್ನು ನುಂಗಿ ಬೆಣ್ಣೆ ಹಚ್ಚಿದೆ.

ಐದು ಓಟ ಚೆನ್ನಾಗಿ ನಡೆದವು. ಆರನೆಯದು ರಾವಿರಿ ಹೆಸರಿನದು. ನಮ್ಮಲ್ಲಿ ಬಾಜಿ ಕಟ್ಟುವುದು ಬರೀ ನಂಬರಿನ ಮೇಲೆ. ಯಾವ ನಂಬರು ಯಾವ ಕುದುರೆಗೆ ಎಂದು ಟೋಪಿಯಿಂದ ಚೀಟಿ ಎತ್ತುವುದು ಬಾಜಿ ಮುಗಿದ ಮೇಲೆ. ಚೀಟಿ ಎತ್ತುತ್ತಿದ್ದರು, ಜನ ಕೂಗುತ್ತಿದ್ದರು. ಮರ್ವಿನ್‌ನ ಮಗಳು ಟೆಸ್ ಓಡಿಸುವ ಕುದುರೆಗೆ ನಾಲ್ಕು ಬಂತು. ಆಗ ಲಾಕಿ ಟೆಂಟಿನ ಹಿಂಬದಿಯಿಂದ ಬಂದ. ಬೆವರು ಸುರಿಯುತ್ತಿತ್ತು. ಒಂದು ಊರುಗೋಲು ಗೇಣುದ್ದ ಒದ್ದೆಯಾಗಿತ್ತು.

"ಆಂಟಿ, ಬನ್ನಿ. ಹಳ್ಳ ಮೊನ್ನೆ ಬಾಯಿ ಬದಲಾಯ್ಸಿದೆ. ಹಳೇ ಜಾಗ ಬಿಟ್ಟು ಈಚೆ ಬಂದಿದೆ. ಮೇಲೆ ನೋಡಕ್ಕೆ ಗಟ್ಟಿ, ಕೋಲು ಊರಿದ್ರೆ ಇಷ್ಟುದ್ದ ಹೋಯ್ತು. ಕಂಬದ ಒಳಗೇ."

"ಮರ್ವಿನ್‌ಗೆ ಹೇಳು."

"ಹೇಳ್ದೆ. 'ಐದು ಓಟ ಓಡಿದಾವೆ, ನಿಂದೊಂದು' ಅಂದ್ರು."

"ನನ್ನ ಹತ್ರ ಬಾವುಟ ಇಲ್ವಲ್ಲೋ."

"ಹಿಮ್ಮಡಿ ಇದ್ಯಲ್ಲ" ಅಂದ ಲಾಕಿ.

ಚಪ್ಪಲಿಯನ್ನು ಟೆಂಟಿನಲ್ಲೇ ಬಿಟ್ಟೆ. ಬೆಣ್ಣೆ ಚಾಕು ಕೈಯಲ್ಲೇ ಇತ್ತೆಂದು ಆಮೇಲೆ ಗೊತ್ತಾಯಿತು. ದಿಬ್ಬ ಇಳಿದು, ಹಗ್ಗದ ಅಡಿಯಲ್ಲಿ ನುಸುಳಿ, ಮೈದಾನದ ಮಧ್ಯೆ ನಡೆದೆ. ಅವನು ತೋರಿಸಿದಲ್ಲಿ ಹಿಮ್ಮಡಿ ಊರಿದೆ. ಗುಳಿ ತುಂಬ ನೀರು. ಇನ್ನೊಂದು ಹೆಜ್ಜೆ ಇಟ್ಟೆ, ಕಣಕಾಲಿನ ತನಕ ಹೋಯಿತು.

ಅಲ್ಲೇ ನಿಂತೆ. ಏಳು ಕುದುರೆಗಳು ಆ ತುದಿಯಲ್ಲಿ ಸಾಲು ಕಟ್ಟುತ್ತಿದ್ದವು. ಬಾವುಟ ಮರ್ವಿನ್‌ನ ಕೈಯಲ್ಲಿ ಆಗಲೇ ಮೇಲಿತ್ತು. ಜನ ಮೊದಲು ನಕ್ಕರು. ಆಮೇಲೆ, "ಏ ಮುದುಕಿ, ಈಚೆ ಬಾರೇ!" ಎಂದು ಕೂಗಿದರು. ಮೈಕಿನಲ್ಲಿ ಗ್ವೆಂಡಾ, "ಪೆಕಾ, ಪೆಕಾ, ದಯವಿಟ್ಟು" ಎಂದಳು. ಮರ್ವಿನ್ ಓಡಿ ಬಂದ.

"ಮಾನ ಕಳೀತಿದೀಯಲ್ಲೇ! ಇಡೀ ಊರು ನೋಡ್ತಿದೆ!"

"ನೋಡ್ಲಿ. ಬೂಟು ಬಿಚ್ಚು."

"ಏನು?"

"ಬೂಟು ಬಿಚ್ಚು ಮರ್ವಿನ್. ಬಿಚ್ಚಿ ನನ್ನ ಪಕ್ಕ ನಿಂತ್ಕೊ. ಆಮೇಲೂ ಓಡ್ಸು ಅಂತೀಯಾದ್ರೆ ನಾನು ಹೋಗ್ತೀನಿ. ನಾಲ್ಕನೇ ನಂಬರಿನ ಮೇಲೆ ಕೂತಿರೋಳು ನನ್ ಮಗಳಲ್ಲ."

ಅವನು ನನ್ನನ್ನು ಕೊಲ್ಲುವ ಹಾಗೆ ನೋಡಿದ. ಆದರೂ ಬೂಟು ಕಿತ್ತ. ಕಾಲುಚೀಲದ ಹೆಬ್ಬೆರಳಲ್ಲಿ ತೂತು. ಅದನ್ನೂ ತೆಗೆದು ಹಿಮ್ಮಡಿ ಊರಿದ. ನೀರು ಜಿನುಗಿತು. ಇನ್ನೊಂದು ಕಾಲು ಇಟ್ಟ, ಹೂತುಹೋಯಿತು. ನನ್ನ ಹೆಗಲು ಹಿಡಿದುಕೊಂಡು ಎಳೆದುಕೊಳ್ಳಬೇಕಾಯಿತು.

ಮಗಳಿದ್ದ ಕಡೆಗೆ ನೋಡಿದ. ಬಾವುಟವನ್ನು ಕೆಳಗಿಳಿಸಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ.

ರಾವಿರಿ ಹೆಸರಿನ ಓಟ ಓಡಲಿಲ್ಲ. ಜನ ಹೂಯ್ ಎಂದರು, ಯಾರೋ ಬಿಯರ್ ಡಬ್ಬ ಎಸೆದರು. ಮೈಕಿನಲ್ಲಿ ಮರ್ವಿನ್, ಮರಳು ಸರಿಯಿಲ್ಲ, ಓಟ ರದ್ದು, ಎಂದ. ನಾನು ಅಲ್ಲೇ ಅವನ ಪಕ್ಕದಲ್ಲಿದ್ದೆ. ಮೈಕನ್ನು ಅವನ ಕೈಯಿಂದ ತೆಗೆದುಕೊಂಡೆ. "ಹೋದ ವರ್ಷಾನೂ ಸರಿ ಇರ್ಲಿಲ್ಲ. ನಾನು ನೋಡ್ದೇ ಕೊಟ್ಟಿದ್ದೆ. ಲಾಕಿ ಕಂಬದ ಒಳಗೇ ಇದ್ದ" ಎಂದೆ. ಅಷ್ಟೇ ಬಂತು ಬಾಯಿಗೆ. ಹೂಯ್ ಎನ್ನುವುದು ನಿಂತಿತು. ಅದಕ್ಕಿಂತ ಹೂಯ್ ಎನ್ನುವುದೇ ಮೇಲಿತ್ತು.

ಟೆಂಟಿಗೆ ವಾಪಸು ಹೋದಾಗ ಯಾರೂ ನನ್ನ ಮುಖ ನೋಡಲಿಲ್ಲ. ಬೆಣ್ಣೆ ಹಚ್ಚುವುದು ಇನ್ನೂ ಬಾಕಿ ಇತ್ತು, ಹಚ್ಚಿದೆ.

ಮಾರ್ಚ್ 16, ಭಾನುವಾರ

ಇಳಿತ ಎರಡೂಕಾಲಿಗೆ. ಏನೂ ಕೂಡಿಸುವುದಿಲ್ಲ.

ಬೆಳಿಗ್ಗೆ ಅಂಗಡಿಗೆ ಹೋದೆ. ಬೋರ್ಡಿನಲ್ಲಿ ಲಾಕಿಯ ಹೆಸರು ಬಂದಿದೆ. ಬಣ್ಣ ಇನ್ನೂ ಹಸಿ, ಅಕ್ಷರಗಳು ಡೊಂಕು, ಮರ್ವಿನ್‌ದೇ ಕೈ. ಕೆಳಗೆ "ಮರಳು" ಎಂದಿರುವ ಕಡೆ ರಾವಿರಿಯ ಹೆಸರಿನ ಮುಂದೆ ನನ್ನದಿತ್ತು. ಅದನ್ನು ಕೆರೆದಿದ್ದಾರೆ. ನ್ಯಾಯವೇ. ಆದರೂ ಕೆರೆದ ಜಾಗದ ಮೇಲೆ ಒಂದು ಸಲ ಬೆರಳಾಡಿಸಿದೆ, ಸುಳ್ಳು ಯಾಕೆ ಹೇಳಲಿ. ಅಂಗಡಿಯವಳು ಹಾಲನ್ನು ನನ್ನ ಕೈಗೆ ಕೊಡದೆ ಮೇಜಿನ ಮೇಲಿಟ್ಟಳು. ಮುಂದಿನ ವರ್ಷ ರೇಸು ಇರುತ್ತದೋ ಇಲ್ಲವೋ, ಕೌನ್ಸಿಲ್ಲಿನವರು ಬುಧವಾರ ಬರುತ್ತಾರಂತೆ.

ಮಧ್ಯಾಹ್ನ ಬಾಗಿಲಲ್ಲಿ ಲಾಕಿ. ಈಸ್ಟರ್ ಹೊತ್ತಿಗೆ ಅಕ್ಕನ ಊರಿಗೆ ಹೋಗುತ್ತಾನೆ, ಅದರಲ್ಲೇನೂ ಬದಲಾಗಿಲ್ಲ. ಮೇಜಿನ ಮೇಲೆ ರೊಟ್ಟಿ ಇತ್ತು. ನಾನು ಹಾಕಲಿಲ್ಲ, ಅವನು ಕೇಳಲಿಲ್ಲ. ಕೈ ಚಾಚಿ ಎರಡು ತೆಗೆದುಕೊಂಡ.

"ಮರಳು ನೋಡಕ್ಕೆ ಹೋಗಲ್ವಾ ಆಂಟಿ?"

"ರೇಸು ಮುಗೀತಲ್ಲೋ. ಇನ್ಯಾಕೆ?"

"ಸುಮ್ನೆ."

ಹೋದೆವು. ಅವನು ಊರುಗೋಲು ಊರುವ ಕಡೆಯೆಲ್ಲ ನಾನು ಮೊದಲು ಹಿಮ್ಮಡಿ ಊರಿ ನೋಡಿದೆ. ಹಳ್ಳವನ್ನು ಮೇಲ್ಗಡೆ, ಕಲ್ಲುಗಳಿರುವಲ್ಲಿ ದಾಟಿ ಮತ್ತೆ ಮರಳಿಗೆ ಇಳಿದೆವು. ಅಕ್ಕನ ಅಡುಗೆ ಎಷ್ಟು ಕೆಟ್ಟದ್ದೆಂದು ಅವನು ಹೇಳುತ್ತಿದ್ದ, ನಾನು ನಗುತ್ತಿದ್ದೆ. ದೀಪಸ್ತಂಭದ ಬಂಡೆಯ ತನಕ ಬಂದ ಮೇಲೆ ಅವನು ಮಾತು ನಿಲ್ಲಿಸಿದ.

"ಆಂಟಿ, ಒಂದು ಕೇಳ್ಲಾ? ಆವತ್ತು ಬಿದ್ದ ಮೇಲೆ ನಂಗೆ ನೆನಪಿಲ್ಲ. ಹಳ್ಳ ಬೇರೆ ಜಾಗ ಬದಲಾಯ್ಸಿದೆ. ಬಿಸ್ಕೆಟ್‌ನ ಮಲಗಿಸಿದ್ದು ಸರಿಯಾಗಿ ಎಲ್ಲಿ, ತೋರಿಸ್ತೀರಾ? ಊರು ಬಿಡೋಕ್ ಮುಂಚೆ ಒಂದ್ಸಲ ನಿಂತು ಹೋಗ್ತೀನಿ."

ತೋರಿಸುತ್ತೇನೆ ಎಂದು ಮುಂದೆ ನೋಡಿದೆ. ಮುಂದೆ ಬಂಡೆ ಬಿಟ್ಟರೆ ಏನೂ ಇರಲಿಲ್ಲ. ತಿರುಗಿ ನಮ್ಮ ಹೆಜ್ಜೆಗಳ ಸಾಲನ್ನು ನೋಡಿದೆ. ನನ್ನ ಹಿಮ್ಮಡಿಯ ಗುಳಿಗಳು, ಅವನ ಕೋಲಿನ ತೂತುಗಳು, ನಾನು ಇಷ್ಟು ದಿನ ದೂರದಿಂದಲೇ ತಿರುಗಿ ಬರುತ್ತಿದ್ದ ಆ ಜಾಗದ ಮೇಲೆಯೇ ಹಾದು ಬಂದಿದ್ದವು.